‘ತಾಂತ್ರಿಕ ಲೋಪ’ವೆಂಬ ತಪ್ಪು ಹೆಸರು

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ, ರಾಜ್ಯದ ಬೇರಾವ ಊರಿನಲ್ಲಾಗಲಿ, ಗಾಂಜಾ ಪ್ರಕರಣದ ಆರೋಪಿಯೊಬ್ಬ ನ್ಯಾಯಾಲಯದಿಂದ ಬಿಡುಗಡೆಯಾದಾಗ ಆಡುವ ಮಾತಿಗೆ ಒಂದು ಸಿದ್ಧ ಅಚ್ಚು ಇದೆ. ಮಾಲು ಸಿಕ್ಕಿತ್ತು, ಮನುಷ್ಯನೂ ಸಿಕ್ಕಿದ್ದ, ಪಂಚನಾಮೆಯೂ ಆಗಿತ್ತು; ಆದರೆ ಸೀಲಿನ ಗುರುತು, ಸ್ಯಾಂಪಲ್ ತೆಗೆದ ಜಾಗ, ಮ್ಯಾಜಿಸ್ಟ್ರೇಟರ ಸಹಿ ಎಂಬ ಸಣ್ಣಪುಟ್ಟ ‘ತಾಂತ್ರಿಕ ಲೋಪ’ಗಳನ್ನು ಹಿಡಿದು ವಕೀಲರು ಗೆದ್ದರು, ಪೊಲೀಸರ ಶ್ರಮ ನೀರುಪಾಲಾಯಿತು ಎಂಬುದು ಅದರ ಸಾರ. ಈ ಅಭಿಪ್ರಾಯ ಠಾಣೆಗಳಲ್ಲಿ ಮಾತ್ರವಲ್ಲ, ಪತ್ರಿಕೆಗಳ ಅಪರಾಧ ಪುಟಗಳಲ್ಲಿಯೂ, ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಂದ ತುಂಬಿದ ದಾವಣಗೆರೆಗೆ ಮಕ್ಕಳನ್ನು ಕಳುಹಿಸಿದ ತಂದೆತಾಯಿಯರಲ್ಲಿಯೂ ಬೇರೂರಿದೆ. ಅದರ ಹಿಂದಿರುವ ಆತಂಕ ನಿಜವಾದದ್ದು, ಆದರೆ ಅದರಿಂದ ಎಳೆದ ತೀರ್ಮಾನ ಸುಳ್ಳು. ವಶಪಡಿಸಿಕೊಂಡ ಮಾದಕ ವಸ್ತುವನ್ನು ತೂಗುವ, ಸೀಲು ಮಾಡುವ, ಇಡುವ, ಪರೀಕ್ಷೆಗೆ ಕಳುಹಿಸುವ ನಿಯಮಗಳನ್ನು ಆರೋಪಿಗೆ ತೋರಿಸಿದ ದಯೆಯೆಂದು ಬಗೆಯುವವರು ಆ ನಿಯಮಗಳು ಯಾರ ಆಸ್ತಿಯೆಂಬುದನ್ನೇ ಗುರುತಿಸಿಲ್ಲ. ಅವು ಮೊದಲು ಪ್ರಾಸಿಕ್ಯೂಷನ್ನಿನ ಆಸ್ತಿ. ಅವುಗಳಿಲ್ಲದೆ ಅದರ ಕೈಯಲ್ಲಿ ಆಪಾದನೆಯೊಂದು ಉಳಿಯುತ್ತದೆಯೇ ಹೊರತು ಸಾಕ್ಷ್ಯ ಉಳಿಯುವುದಿಲ್ಲ.

ಇದು ಹೀಗೇಕೆಂಬುದು ಅಪರಾಧದ ಸ್ವರೂಪದಲ್ಲಿಯೇ ಅಡಗಿದೆ. ಕೊಲೆಯಲ್ಲಿ ಶವವಿರುತ್ತದೆ, ಕಳವಿನಲ್ಲಿ ಕಳೆದುಕೊಂಡವನಿರುತ್ತಾನೆ, ಹಲ್ಲೆಯಲ್ಲಿ ಗಾಯಗೊಂಡವನು ಕಟಕಟೆಗೆ ಬಂದು ನುಡಿಯುತ್ತಾನೆ. ಗಾಂಜಾ ಇಟ್ಟುಕೊಂಡಿದ್ದನೆಂಬ ಪ್ರಕರಣದಲ್ಲಿ ಮಾತ್ರ ದೂರುದಾರನೂ ಪೊಲೀಸನೇ, ಹಿಡಿದವನೂ ಪೊಲೀಸನೇ, ಬಹುಪಾಲು ಸಂದರ್ಭಗಳಲ್ಲಿ ತನಿಖೆ ಮಾಡುವವನೂ ಪೊಲೀಸನೇ. ಪಂಚರು, ಎಂದರೆ ವಶಪಡಿಸಿಕೊಳ್ಳುವಾಗ ಸಾಕ್ಷಿಗೆಂದು ನಿಲ್ಲಿಸಿಕೊಂಡ ಸಾರ್ವಜನಿಕರು, ವಿಚಾರಣೆಯ ಹೊತ್ತಿಗೆ ‘ಸಹಿ ನನ್ನದು, ಆದರೆ ಏನೂ ನೋಡಿಲ್ಲ’ ಎಂದು ತಿರುಗಿ ಬೀಳುವುದು ವಕೀಲಿ ವೃತ್ತಿಯಲ್ಲಿ ಹಳೆಯ ಸಂಗತಿ. ಹೀಗೆ ಉಳಿದೆಲ್ಲ ಬಾಯಿಗಳು ಮುಚ್ಚಿದ ಮೇಲೆ ಮಾತನಾಡಬಲ್ಲದ್ದು ಒಂದೇ, ಅದು ಮುದ್ದೆಮಾಲು. ಹರಿಹರದಲ್ಲಿ ಹಿಡಿದದ್ದು, ಠಾಣೆಯಲ್ಲಿ ಇಟ್ಟದ್ದು, ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದು, ನ್ಯಾಯಾಲಯದಲ್ಲಿ ತೋರಿಸಿದ್ದು ಇವೆಲ್ಲ ಒಂದೇ ವಸ್ತು ಎಂದು ತೋರಿಸುವ ಕೊಂಡಿ ಎಲ್ಲಿ ಕಳಚುತ್ತದೆಯೋ ಅಲ್ಲಿಗೆ ಆ ಏಕೈಕ ಸಾಕ್ಷಿಯೂ ಮೂಕವಾಗುತ್ತದೆ. ಅದನ್ನು ತಾಂತ್ರಿಕ ಲೋಪವೆನ್ನುವುದು, ಕೊಲೆ ಪ್ರಕರಣದಲ್ಲಿ ಶವವೇ ಬದಲಾಗಿದ್ದರೆ ಅದನ್ನು ಕಾಗದಪತ್ರದ ತಪ್ಪೆಂದು ಕರೆದಂತೆ.

ಕಾಯ್ದೆ ಏನನ್ನು ಕೇಳುತ್ತದೆಂಬುದನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 1985ರ ನವೆಂಬರ್ 14ರಿಂದ ಜಾರಿಯಲ್ಲಿರುವ ಮಾದಕ ದ್ರವ್ಯ ಮತ್ತು ಮನೋಪ್ರಭಾವಕ ವಸ್ತುಗಳ ಕಾಯ್ದೆ, ಠಾಣೆಗಳ ಮಾತಿನಲ್ಲಿ ಎನ್‌ಡಿಪಿಎಸ್ ಕಾಯ್ದೆ, ತನ್ನ 55ನೆಯ ಕಲಂನಲ್ಲಿ ಠಾಣಾಧಿಕಾರಿಯು ವಶಪಡಿಸಿಕೊಂಡ ಮಾಲನ್ನು ತನ್ನ ಸುಪರ್ದಿಗೆ ತೆಗೆದುಕೊಂಡು, ಮ್ಯಾಜಿಸ್ಟ್ರೇಟರ ಆದೇಶ ಬರುವವರೆಗೆ ಸುರಕ್ಷಿತವಾಗಿ ಇಡಬೇಕೆಂದೂ, ತಂದ ಅಧಿಕಾರಿಯ ಸೀಲಿನ ಜೊತೆಗೆ ಸ್ಯಾಂಪಲ್ಲುಗಳ ಮೇಲೆ ತನ್ನ ಠಾಣೆಯ ಸೀಲೂ ಬೀಳಬೇಕೆಂದೂ ಹೇಳುತ್ತದೆ. 57ನೆಯ ಕಲಂ ಬಂಧನ ಮತ್ತು ವಶದ ಪೂರ್ಣ ವರದಿಯನ್ನು 48 ಗಂಟೆಗಳೊಳಗೆ ಮೇಲಧಿಕಾರಿಗೆ ಒಪ್ಪಿಸಬೇಕೆನ್ನುತ್ತದೆ. 1989ರ ತಿದ್ದುಪಡಿಯಲ್ಲಿ ಸೇರಿದ 52ಎ ಕಲಂ ಇವೆಲ್ಲದರ ನಡುಗಂಬ: ಮಾಲಿನ ವಿವರಪಟ್ಟಿಯನ್ನು ತಯಾರಿಸಿ, ಅದು ಸರಿಯಿದೆಯೆಂದು ಮ್ಯಾಜಿಸ್ಟ್ರೇಟರಿಂದ ದೃಢೀಕರಣ ಪಡೆದು, ಅವರ ಎದುರಿನಲ್ಲಿ ಫೋಟೋ ತೆಗೆಸಿ, ಅವರ ಎದುರಿನಲ್ಲಿಯೇ ಸ್ಯಾಂಪಲ್ ತೆಗೆದು ಪಟ್ಟಿ ಮಾಡಿಸಿದರೆ, ಆ ಪಟ್ಟಿ, ಆ ಫೋಟೋ, ಆ ಸ್ಯಾಂಪಲ್ಲುಗಳನ್ನು ನ್ಯಾಯಾಲಯ ಪ್ರಾಥಮಿಕ ಸಾಕ್ಷ್ಯವೆಂದು, ಅಂದರೆ ಮೂಲವಸ್ತುವಿಗೆ ಸಮಾನವಾದ ಪುರಾವೆಯೆಂದು, ಪರಿಗಣಿಸಲೇಬೇಕು ಎಂಬುದು ಅದರ ನಾಲ್ಕನೆಯ ಉಪಕಲಂ. ಇದನ್ನು ಓದಿದ ಮೇಲೂ ಈ ನಿಯಮ ಆರೋಪಿಯ ಪಕ್ಷಪಾತಿಯೆಂದು ಹೇಳಲು ಎದೆಗಾರಿಕೆ ಬೇಕು. ಮೂಟೆಗಟ್ಟಲೆ ಗಾಂಜಾವನ್ನು ವರ್ಷಗಟ್ಟಲೆ ಕಾಯುವ ಹೊರೆಯಿಂದ ಪೊಲೀಸರನ್ನು ಬಿಡಿಸಿ, ಮಾಲನ್ನು ವಿಚಾರಣೆಗೆ ಮುನ್ನವೇ ನಾಶಮಾಡಿದರೂ ಪುರಾವೆ ಉಳಿಯುವಂತೆ ಮಾಡಿದ ಉಪಕಾರ ಅದು; ಆ ಉಪಕಾರಕ್ಕೆ ಕೇಳಿದ ಬೆಲೆ ಒಬ್ಬ ಮ್ಯಾಜಿಸ್ಟ್ರೇಟರ ಕಣ್ಣು ಮಾತ್ರ.

ಹರಿಹರದ ಬಸ್ ನಿಲ್ದಾಣದ ಬಳಿ ಎರಡು ಚೀಲಗಳು ಸಿಕ್ಕವೆಂದು ಇಟ್ಟುಕೊಳ್ಳಬಹುದು. ಹಿಡಿದ ಅಧಿಕಾರಿ ಅಲ್ಲೇ ಚೀಲ ಬಿಚ್ಚಿ, ಎರಡು ಹಿಡಿ ತೆಗೆದು, ಪೊಟ್ಟಣ ಕಟ್ಟಿ, ಸೀಲು ಒತ್ತಿ, ಆ ಸೀಲನ್ನು ತನ್ನ ಕಿಸೆಯಲ್ಲಿಯೇ ಇಟ್ಟುಕೊಂಡು ಹೋದರೆ, ಮುಂದೆ ಪ್ರಯೋಗಾಲಯದ ವರದಿ ‘ಇದು ಗಾಂಜಾ’ ಎಂದು ಹೇಳಿದಾಗ ಆ ‘ಇದು’ ಎಂಬ ಪದ ಯಾವುದನ್ನು ಸೂಚಿಸುತ್ತದೆ? ಆ ಪೊಟ್ಟಣವನ್ನು ಖಂಡಿತ ಸೂಚಿಸುತ್ತದೆ. ಎರಡನೆಯ ಚೀಲದಲ್ಲಿ ಇದ್ದದ್ದೂ ಅದೇ, ಪೊಟ್ಟಣ ಬಂದದ್ದು ಆ ಚೀಲದಿಂದಲೇ, ನಡುವೆ ಸೀಲು ಮತ್ತೆ ಬಿದ್ದಿಲ್ಲ ಎಂಬ ಮೂರು ಸಂಗತಿಗಳಿಗೆ ಆ ಅಧಿಕಾರಿಯ ಮಾತಲ್ಲದೆ ಬೇರೆ ಆಧಾರವಿಲ್ಲ. ಅಧಿಕಾರಿ ಪ್ರಾಮಾಣಿಕನೇ ಆಗಿರಬಹುದು. ಆದರೆ ಪ್ರಾಮಾಣಿಕತೆಯನ್ನು ಕಾಣುವಂತೆ ಮಾಡುವ ದಾರಿ ಇದ್ದೂ ಅದನ್ನು ಬಿಟ್ಟ ಪ್ರಾಮಾಣಿಕನಿಗೂ, ಮರೆಮಾಚಲೆಂದೇ ಬಿಟ್ಟ ಅಪ್ರಾಮಾಣಿಕನಿಗೂ ಕಡತದಲ್ಲಿ ವ್ಯತ್ಯಾಸ ಕಾಣಿಸುವುದಿಲ್ಲ. ನ್ಯಾಯಾಧೀಶರು ಓದಬೇಕಾದದ್ದು ಕಡತವನ್ನೇ.

ಈ ವಿಷಯದಲ್ಲಿ ದಾವಣಗೆರೆಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. ಹತ್ತಿಯಿಂದ ಬೆಳೆದು ಮೆಕ್ಕೆಜೋಳದಿಂದ ಬದುಕುತ್ತಿರುವ ಈ ಊರಿನ ಎಪಿಎಂಸಿ ಅಂಗಳದಲ್ಲಿ ಮಾಲಿಗೆ ಲಾಟ್ ಸಂಖ್ಯೆ ಬೀಳದೆ, ಮಾದರಿ ನೋಡದೆ, ತೇವಾಂಶ ಲೆಕ್ಕ ಹಾಕದೆ ವ್ಯಾಪಾರ ಮುಗಿಯುವುದಿಲ್ಲ. ಒಂದು ಚೀಲದ ಮಾದರಿ ತೋರಿಸಿ ಮತ್ತೊಂದು ಚೀಲದ ಮಾಲು ತೂಗಿದರೆ ರೈತನೂ ಒಪ್ಪುವುದಿಲ್ಲ, ಖರೀದಿದಾರನೂ ಒಪ್ಪುವುದಿಲ್ಲ. ಯಾರೂ ಅದನ್ನು ತಾಂತ್ರಿಕ ಲೋಪವೆನ್ನದೆ ಮೋಸವೆಂದೇ ಕರೆಯುತ್ತಾರೆ. ಮಾದಕ ವಸ್ತುವಿನ ಸ್ಯಾಂಪಲ್ ತೆಗೆಯುವ ನಿಯಮ ಕೂಡ ಇದೇ ಲಾಟ್ ಎಂಬ ಪದವನ್ನು ಬಳಸುತ್ತದೆ: ಒಂದೇ ಬಗೆಯ, ಒಂದೇ ಗುರುತಿನ ಗಾಂಜಾ ಪೊಟ್ಟಣಗಳು ಹಲವಿದ್ದಾಗ ಅವುಗಳನ್ನು 40ರವರೆಗಿನ ಲಾಟ್‌ಗಳಾಗಿ ವಿಂಗಡಿಸಬಹುದು, ಸ್ಯಾಂಪಲ್ 24 ಗ್ರಾಂ ಇರಬೇಕು, ಅದು ಜೋಡಿಯಲ್ಲಿರಬೇಕು. ಎಪಿಎಂಸಿಯಲ್ಲಿ ಕೆಲವು ನೂರು ರೂಪಾಯಿಗಳ ವ್ಯತ್ಯಾಸಕ್ಕೆ ಬೇಡುವ ಎಚ್ಚರವನ್ನು ಹತ್ತು ವರ್ಷಗಳ ಸೆರೆಗೆ ಬೇಡುವುದು ಹೆಚ್ಚಾಯಿತೆನ್ನುವ ವಾದ ವಿಚಿತ್ರವಾದದ್ದು.

ತೂಕದ ಮಾತು ಬಂದಾಗ ಈ ವಿಚಿತ್ರ ಅನ್ಯಾಯವಾಗಿ ಮಾರ್ಪಡುತ್ತದೆ. 2001ರ ಅಧಿಸೂಚನೆಯ ಪ್ರಕಾರ ಗಾಂಜಾ 1 ಕಿಲೋದವರೆಗೆ ಅಲ್ಪ ಪ್ರಮಾಣ, 20 ಕಿಲೋಗಿಂತ ಹೆಚ್ಚಿದ್ದರೆ ವಾಣಿಜ್ಯ ಪ್ರಮಾಣ. ಮೊದಲನೆಯದಕ್ಕೆ ಶಿಕ್ಷೆ ಒಂದು ವರ್ಷವನ್ನು ಮೀರುವುದಿಲ್ಲ, ನಡುವಿನದಕ್ಕೆ ಹತ್ತು ವರ್ಷದವರೆಗೆ, ಕೊನೆಯದಕ್ಕೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದೆ ಇಪ್ಪತ್ತರವರೆಗೆ. ವಾಣಿಜ್ಯ ಪ್ರಮಾಣವೆಂದಾದ ಕ್ಷಣದಲ್ಲಿ 37ನೆಯ ಕಲಂ ಅಡ್ಡ ನಿಲ್ಲುತ್ತದೆ. ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣವಿದೆಯೆಂದು ನ್ಯಾಯಾಲಯಕ್ಕೆ ಮನವರಿಕೆಯಾಗದ ಹೊರತು ಜಾಮೀನೇ ಇಲ್ಲ. ಕಾಯ್ದೆಯ ವ್ಯಾಖ್ಯೆಯಲ್ಲಿ ಗಾಂಜಾ ಎಂದರೆ ಗಿಡದ ಹೂಬಿಟ್ಟ ಅಥವಾ ಕಾಯಿಗಟ್ಟಿದ ತುದಿಗಳು. ತುದಿಯ ಜೊತೆಗಿಲ್ಲದ ಬೀಜ ಮತ್ತು ಎಲೆ ಅದರಲ್ಲಿ ಸೇರುವುದಿಲ್ಲ. ಮೆಕ್ಕೆಜೋಳದ ಸಾಲಿನ ನಡುವಿನಿಂದ ಕಿತ್ತ ಹಸಿ ಗಿಡಗಳನ್ನು ಬೇರು, ಮಣ್ಣು, ಕಾಂಡಸಮೇತ ತೂಗಿ 22 ಕಿಲೋ ಗಾಂಜಾ ಎಂದು ಪಂಚನಾಮೆಯಲ್ಲಿ ಬರೆದರೆ, ಆ ಅಂಕಿಯ ಬಹುಪಾಲು ನೀರು ಮತ್ತು ಮರ. ಗಿಡ ಬೆಳೆಸಿದ್ದು ಬೇರೆಯೇ ಅಪರಾಧ, ಅದಕ್ಕೆ ಬೇರೆಯೇ ಶಿಕ್ಷೆ ಇದೆ. ಅದನ್ನು ವಾಣಿಜ್ಯ ಪ್ರಮಾಣದ ವಶವೆಂದು ತೂಗಲು ಅದು ಕಾರಣವಾಗದು. ಇನ್ನೊಂದು ಕಡೆ, ನ್ಯಾಯವಾಗಿಯೇ 21 ಕಿಲೋ ಇದ್ದ ಮಾಲು ಠಾಣೆಯ ಕೋಣೆಯಲ್ಲಿ ತಿಂಗಳುಗಟ್ಟಲೆ ಒಣಗಿ 17 ಕಿಲೋಗೆ ಇಳಿದರೆ, ಮೊದಲೇ ಮ್ಯಾಜಿಸ್ಟ್ರೇಟರ ಎದುರು ತೂಗಿಸದ ಪೊಲೀಸರಿಗೆ ನಡುವಿನ ನಾಲ್ಕು ಕಿಲೋ ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ತೇವಾಂಶವೆಂದರೆ ಏನೆಂದು ದಾವಣಗೆರೆಯ ಹಮಾಲರಿಗೂ ಗೊತ್ತು. ಬೇಗ ತೂಗಿಸುವ ನಿಯಮ ಸುಳ್ಳು ಆರೋಪಕ್ಕೂ ತಡೆ, ಸುಳ್ಳು ಸಂಶಯಕ್ಕೂ ತಡೆ.

ಪ್ರಚಲಿತ ಅಭಿಪ್ರಾಯದವರ ಬಳಿ ಒಂದು ಬಲವಾದ ವಾದವಿದೆ, ಅದನ್ನು ಮರೆಮಾಡುವುದು ಸರಿಯಲ್ಲ. ನಿಯಮಗಳೇ ಗೊಂದಲದಿಂದ ಕೂಡಿದ್ದವು, ಆ ಗೊಂದಲಕ್ಕೆ ಪೇದೆ, ಪಿಎಸ್ಐಗಳನ್ನು ಹೊಣೆ ಮಾಡುವುದು ಹೇಗೆ ಎಂಬುದು ಆ ವಾದ. 1988 ಮತ್ತು 1989ರ ಕೇಂದ್ರದ ಸ್ಥಾಯಿ ಆದೇಶಗಳು ಸ್ಯಾಂಪಲ್ಲನ್ನು ವಶಪಡಿಸಿಕೊಂಡ ಸ್ಥಳದಲ್ಲಿಯೇ ಪಂಚರ ಮತ್ತು ಆರೋಪಿಯ ಎದುರು ತೆಗೆಯಬೇಕೆಂದೂ, 72 ಗಂಟೆಯೊಳಗೆ ಪ್ರಯೋಗಾಲಯಕ್ಕೆ ಕಳುಹಿಸಬೇಕೆಂದೂ ಹೇಳಿದ್ದವು. ಅದೇ ಕಾಲದಲ್ಲಿ ಸೇರಿದ 52ಎ ಕಲಂ ಮ್ಯಾಜಿಸ್ಟ್ರೇಟರ ಎದುರು ಎಂದಿತು. ಒಂದು ಕೈಪಿಡಿ ಹೇಳಿದ್ದನ್ನು ಮಾಡಿದವನು ಇನ್ನೊಂದರ ಪ್ರಕಾರ ತಪ್ಪಿತಸ್ಥನಾಗುತ್ತಿದ್ದ. ಈ ದೂರು ಸತ್ಯ, ಆದರೆ ಅದಕ್ಕೆ ಅವಧಿ ಮುಗಿದಿದೆ. 2016ರ ಜನವರಿ 28ರಂದು ಕೇಂದ್ರ ಸರ್ಕಾರ ಮತ್ತು ಮೋಹನಲಾಲ್ ನಡುವಿನ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಟಿ.ಎಸ್. ಠಾಕೂರ್ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ, ವಶದ ಹೊತ್ತಿನಲ್ಲಿಯೇ ಸ್ಯಾಂಪಲ್ ತೆಗೆಯಬೇಕೆಂದು ಕಾಯ್ದೆ ಎಲ್ಲಿಯೂ ಹೇಳಿಲ್ಲವೆಂದೂ, ಸ್ಯಾಂಪಲ್ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಅವರ ಮೇಲ್ವಿಚಾರಣೆಯಲ್ಲಿಯೇ ಆಗಬೇಕೆಂದೂ ಸ್ಪಷ್ಟಪಡಿಸಿತು. 2022ರ ಡಿಸೆಂಬರ್‌ನಲ್ಲಿ ಹೊರಬಂದ ವಶ, ದಾಸ್ತಾನು, ಸ್ಯಾಂಪಲ್ ಮತ್ತು ವಿಲೇವಾರಿ ನಿಯಮಗಳು ಅದನ್ನೇ ನಮೂನೆಗಳ ಸಮೇತ ಬರೆದಿಟ್ಟವು, ಪ್ರಯೋಗಾಲಯ 15 ದಿನಗಳೊಳಗೆ ವರದಿ ಕೊಡಬೇಕೆಂದವು. ಮೂರು ದಶಕಗಳ ಗೊಂದಲ ಸರ್ಕಾರದ್ದು, ಅದಕ್ಕೆ ಸರ್ಕಾರವನ್ನು ದೂರಬಹುದು. ಆದರೆ ಗೊಂದಲ ಬಗೆಹರಿದ ಮೇಲೂ ಹಳೆಯ ಅಭ್ಯಾಸ ಮುಂದುವರಿದರೆ ದೂರು ಕಾನೂನಿನ ಮೇಲೆ ಹೋಗಲಾರದು.

ನ್ಯಾಯಾಲಯಗಳು ಕೂದಲು ಸೀಳುತ್ತವೆ ಎಂಬ ಆರೋಪವೂ ದಾಖಲೆಯ ಮುಂದೆ ನಿಲ್ಲುವುದಿಲ್ಲ. ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ಶೋಧಕ್ಕೊಳಗಾಗುವ 50ನೆಯ ಕಲಂನ ಹಕ್ಕು ಮೈ ತಪಾಸಣೆಗೆ ಮಾತ್ರ, ಕೈಯಲ್ಲಿ ಹಿಡಿದ ಚೀಲಕ್ಕಲ್ಲ ಎಂದು 2005ರಲ್ಲಿ ಪವನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸುಳಿವನ್ನು ಬರೆದಿಟ್ಟು ಮೇಲಧಿಕಾರಿಗೆ ಕಳುಹಿಸುವ 42ನೆಯ ಕಲಂನ ವಿಷಯದಲ್ಲಿ ತುರ್ತಿನ ಕಾರಣಕ್ಕೆ ಆದ ತಡವನ್ನು ಕ್ಷಮಿಸಬಹುದು, ಪಾಲಿಸದೆಯೇ ಇರುವುದನ್ನು ಕ್ಷಮಿಸಲಾಗದು ಎಂದು 2009ರ ಕರ್ನೈಲ್ ಸಿಂಗ್ ಪ್ರಕರಣದ ಸಂವಿಧಾನ ಪೀಠ ಮಧ್ಯದ ದಾರಿ ಹಿಡಿಯಿತು. ದೂರು ಕೊಟ್ಟ ಪೊಲೀಸನೇ ತನಿಖೆ ಮಾಡಿದನೆಂಬ ಒಂದೇ ಕಾರಣಕ್ಕೆ ಪ್ರಕರಣ ಬೀಳುವುದಿಲ್ಲವೆಂದು 2020ರಲ್ಲಿ ಮುಕೇಶ್ ಸಿಂಗ್ ಪ್ರಕರಣದ ಸಂವಿಧಾನ ಪೀಠ ತೀರ್ಪಿತ್ತಿತು. ಪೊಲೀಸರಿಗೆ ಇಷ್ಟು ಸಡಿಲ ಬಿಟ್ಟ ಅದೇ ನ್ಯಾಯಾಲಯ 2023ರಲ್ಲಿ ಸಿಮರನ್‌ಜಿತ್ ಸಿಂಗ್ ಮತ್ತು ಯೂಸುಫ್ ಪ್ರಕರಣಗಳಲ್ಲಿ 52ಎ ಉಲ್ಲಂಘನೆಯನ್ನು ಗಂಭೀರವಾಗಿ ಪರಿಗಣಿಸಿ ಆರೋಪಿಗಳನ್ನು ಬಿಟ್ಟಿತೆಂದರೆ, ಬೇರೆಡೆ ಬಗ್ಗಿದ ನ್ಯಾಯಾಲಯ ಇಲ್ಲಿ ಏಕೆ ಬಗ್ಗಲಿಲ್ಲವೆಂದು ಕೇಳಿಕೊಳ್ಳಬೇಕಾಗಿತ್ತು. ಮಿಕ್ಕ ನಿಯಮಗಳು ಶೋಧ ನಡೆದ ರೀತಿಗೆ ಸಂಬಂಧಿಸಿದವು. ಇದು ಸಿಕ್ಕಿದ್ದೇನು ಎಂಬುದಕ್ಕೇ ಸಂಬಂಧಿಸಿದ್ದು.

2025ರ ಜನವರಿ 6ರ ಭರತ್ ಅಂಬಾಳೆ ತೀರ್ಪಿನ ನಂತರ ಈ ಪ್ರಶ್ನೆಗೆ ಅರ್ಥವೇ ಇಲ್ಲ, 52ಎ ಪಾಲಿಸದಿದ್ದರೂ ಶಿಕ್ಷೆ ಆಗುತ್ತದೆ ಎಂಬ ಹೊಸ ನಂಬಿಕೆಯೊಂದು ಈಗ ಹಬ್ಬುತ್ತಿದೆ. ತೀರ್ಪನ್ನು ಅರ್ಧ ಓದಿದವರ ನಂಬಿಕೆ ಅದು. 52ಎ ಉಲ್ಲಂಘನೆಯೊಂದೇ ತಾನೇತಾನಾಗಿ ಪ್ರಕರಣವನ್ನು ಕೆಡವುವುದಿಲ್ಲ, ಉಳಿದ ಸಾಕ್ಷ್ಯ ನಂಬಿಕೆ ಹುಟ್ಟಿಸುವಂತಿದ್ದರೆ ಶಿಕ್ಷೆ ನಿಲ್ಲಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿರುವುದು ನಿಜ. ಆದರೆ ಉಲ್ಲಂಘನೆ ಆಗಿದೆಯೆಂದು ಆರೋಪಿ ಸಂಭವನೀಯತೆಯ ಮಟ್ಟದಲ್ಲಿ ತೋರಿಸಿಕೊಟ್ಟರೆ ಸಾಕು, ಮುಂದಿನ ಭಾರ ಪ್ರಾಸಿಕ್ಯೂಷನ್ನಿನ ಮೇಲೆ ಬೀಳುತ್ತದೆ, ನಿಯಮವನ್ನು ಸಾರಾಂಶದಲ್ಲಿ ಪಾಲಿಸಲಾಗಿದೆಯೆಂದಾಗಲಿ, ಪಾಲಿಸದ್ದರಿಂದ ಪ್ರಕರಣಕ್ಕೆ ಧಕ್ಕೆಯಾಗಿಲ್ಲವೆಂದಾಗಲಿ ಅದು ಸಂಶಯಾತೀತವಾಗಿ ಸಾಬೀತು ಮಾಡಬೇಕು ಎಂದೂ ಅದೇ ತೀರ್ಪು ಹೇಳಿದೆ. ಇದು ಪೊಲೀಸರಿಗೆ ಕೊಟ್ಟ ರಜೆಯಲ್ಲ. ಮ್ಯಾಜಿಸ್ಟ್ರೇಟರ ಬಳಿ ಅರ್ಧ ದಿನ ಕಳೆಯದೆ ಉಳಿಸಿದ ಶ್ರಮಕ್ಕೆ ಬದಲಾಗಿ, ನಾಲ್ಕೈದು ವರ್ಷಗಳ ನಂತರ, ವರ್ಗವಾಗಿ ಹೋದ ಅಧಿಕಾರಿಗಳನ್ನೂ ತಿರುಗಿಬಿದ್ದ ಪಂಚರನ್ನೂ ಕಟ್ಟಿಕೊಂಡು, ಇಲ್ಲದ ದಾಖಲೆಯ ಕೊರತೆಯನ್ನು ಬಾಯಿಮಾತಿನಿಂದ ತುಂಬಬೇಕಾದ ಶಿಕ್ಷೆ ಅದು.

ಮಾಲ್‌ಖಾನೆ, ಅಂದರೆ ಠಾಣೆಯಲ್ಲಿ ಮುದ್ದೆಮಾಲು ಇಡುವ ಕೋಣೆ, ಈ ಚರ್ಚೆಯಲ್ಲಿ ಎಂದೂ ಬೆಳಕಿಗೆ ಬಾರದ ಜಾಗ. 2022ರಲ್ಲಿ ಉತ್ತರ ಪ್ರದೇಶದ ಮಥುರಾ ಜಿಲ್ಲೆಯ ಪೊಲೀಸರು ಎರಡು ಠಾಣೆಗಳ ಮಾಲ್‌ಖಾನೆಗಳಲ್ಲಿದ್ದ 581 ಕಿಲೋ ಗಾಂಜಾವನ್ನು ಇಲಿಗಳು ತಿಂದವೆಂದು ನ್ಯಾಯಾಲಯಕ್ಕೆ ವರದಿ ಕೊಟ್ಟಾಗ ದೇಶವೇ ನಕ್ಕಿತು; 2023ರಲ್ಲಿ ಚೆನ್ನೈನಲ್ಲಿ ಇದೇ ಇಲಿಗಳ ಕಥೆಯ ಮುಂದುವರಿಕೆಯಾಗಿ, ತೋರಿಸಲು ಮಾಲೇ ಇಲ್ಲದ ಕಾರಣ ಇಬ್ಬರು ಆರೋಪಿಗಳ ಬಿಡುಗಡೆಯಾಯಿತು. ನಗುವುದು ಸುಲಭ, ಆದರೆ ಮಾಲನ್ನು ಇಲಿಯೇ ತಿಂದಿರಲಿ, ಮನುಷ್ಯನೇ ಮಾರಿರಲಿ, ಎರಡನ್ನೂ ತಡೆಯುತ್ತಿದ್ದದ್ದು ಒಂದೇ ಕೆಲಸ: ಮಾಲು ಬಂದ ಕೆಲವೇ ದಿನಗಳಲ್ಲಿ ಮ್ಯಾಜಿಸ್ಟ್ರೇಟರ ದೃಢೀಕರಣ ಪಡೆದು, ಸ್ಯಾಂಪಲ್ ಉಳಿಸಿಕೊಂಡು, ಉಳಿದದ್ದನ್ನು ವಿಲೇವಾರಿ ಸಮಿತಿಗೆ ಒಪ್ಪಿಸುವುದು. ಯಾವ ನಿಯಮವನ್ನು ಪೊಲೀಸರ ಕೈಕಟ್ಟುವ ಹಗ್ಗವೆನ್ನಲಾಗುತ್ತಿದೆಯೋ ಅದೇ ನಿಯಮ ಪಾಲನೆಯಾಗಿದ್ದರೆ ಆ ಪೊಲೀಸರು ಇಲಿಗಳ ಮೇಲೆ ಹೊಣೆ ಹೊರಿಸಿ ನಗೆಪಾಟಲಾಗುವ ಅಗತ್ಯ ಬೀಳುತ್ತಿರಲಿಲ್ಲ.

ಉಳಿದದ್ದು ಕೆಲಸದ ಹೊರೆಯ ವಾದ. ಸಿಬ್ಬಂದಿ ಕಡಿಮೆ, ಬಂದೋಬಸ್ತು ಹೆಚ್ಚು, ಮ್ಯಾಜಿಸ್ಟ್ರೇಟರ ಮುಂದೆ ಮೂಟೆ ಹೊತ್ತು ನಿಲ್ಲಲು ಪುರುಸೊತ್ತೆಲ್ಲಿ ಎಂಬ ಮಾತು ಬೇರೆ ಕೆಲವು ಜಿಲ್ಲೆಗಳಿಗೆ ಅನ್ವಯಿಸಬಹುದು. ದಾವಣಗೆರೆ ಮತ್ತು ಹರಿಹರದಲ್ಲಿ ಅದಕ್ಕೆ ನಿಲ್ಲಲು ನೆಲವಿಲ್ಲ. 52ಎ ಅರ್ಜಿಯನ್ನು ವಿಶೇಷ ನ್ಯಾಯಾಲಯಕ್ಕೇ ಸಲ್ಲಿಸಬೇಕೆಂದಿಲ್ಲ, ಯಾವುದೇ ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಬಹುದೆಂದು ಕಲಂನ ಮಾತೇ ಇದೆ. ಹರಿಹರದಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯ ಊರೊಳಗೇ ಇದೆ. ಸುಮಾರು 14 ಕಿಲೋಮೀಟರ್ ದೂರದ ದಾವಣಗೆರೆಯಲ್ಲಿ ಜಿಲ್ಲಾ ನ್ಯಾಯಾಲಯವಿದೆ, ಪೂರ್ವ ವಲಯದ ಐಜಿಪಿ ಕಚೇರಿಯಿದೆ, ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ, ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳಿಗೆಂದೇ ಮೀಸಲಾದ ಸಿಇಎನ್ ಠಾಣೆಯಿದೆ. ಬೆಟ್ಟ ಕಾಡು ದಾಟಿ ದಿನವಿಡೀ ನಡೆದು ಬರಬೇಕಾದ ಗಡಿಯ ಚೌಕಿಯೊಂದರ ಕಷ್ಟವನ್ನು ಹೆದ್ದಾರಿ, ರೈಲು ಎರಡೂ ಇರುವ ಅವಳಿ ಊರುಗಳು ಎರವಲು ತರಲಾಗದು. ಅದಲ್ಲದೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೆಯ ಕಲಂ ಶೋಧ ಮತ್ತು ವಶದ ಇಡೀ ಪ್ರಕ್ರಿಯೆಯನ್ನು ಮೊಬೈಲಿನಲ್ಲಾದರೂ ಧ್ವನಿ-ದೃಶ್ಯ ಸಮೇತ ದಾಖಲಿಸಬೇಕೆಂದು ವಿಧಿಸಿದೆ. ಪಂಚರು ತಿರುಗಿ ಬೀಳುತ್ತಾರೆಂದು ದಶಕಗಳಿಂದ ಗೋಳಾಡಿದವರಿಗೆ ಎಂದೂ ತಿರುಗಿ ಬೀಳದ ಪಂಚನೊಬ್ಬನನ್ನು ಕಾನೂನು ಕೊಟ್ಟಿದೆ; ಅವನನ್ನು ಕರೆದೊಯ್ಯಲೂ ಪುರುಸೊತ್ತಿಲ್ಲವೆಂದರೆ ಅದು ಹೊರೆಯ ಮಾತಲ್ಲ.

ಪುರುಸೊತ್ತು ಎಲ್ಲಿ ವ್ಯಯವಾಗುತ್ತಿದೆಯೆಂಬುದನ್ನೂ ಗಮನಿಸಬೇಕು. ವಿಶ್ವಸಂಸ್ಥೆ 1987ರಲ್ಲಿ ಗೊತ್ತುಮಾಡಿದ ಮಾದಕ ವಸ್ತು ವಿರೋಧಿ ದಿನವಾದ ಜೂನ್ 26 ಬಂತೆಂದರೆ ರಾಜ್ಯದಾದ್ಯಂತ ವಶದ ಗಾಂಜಾವನ್ನು ಸುಡುವ ಸಮಾರಂಭಗಳು ನಡೆಯುತ್ತವೆ. ಮೂಟೆಗಳ ಮುಂದೆ ಅಧಿಕಾರಿಗಳು ಸಾಲಾಗಿ ನಿಂತ ಚಿತ್ರ, ಇಷ್ಟು ಕಿಲೋ, ಇಷ್ಟು ಲಕ್ಷ ಮೌಲ್ಯ ಎಂಬ ಅಂಕಿ ಮರುದಿನ ಪ್ರಕಟವಾಗುತ್ತದೆ. ಸುಡುವುದರಲ್ಲಿ ತಪ್ಪಿಲ್ಲ, ಅದು ಕಾನೂನಿನದೇ ಕೊನೆಯ ಹೆಜ್ಜೆ. ಆದರೆ ಕೊನೆಯ ಹೆಜ್ಜೆಗೆ ಸಿಕ್ಕ ಬೆಳಕಿನಲ್ಲಿ ಮೊದಲ ಹೆಜ್ಜೆಗಳು ಕತ್ತಲಾಗುತ್ತವೆ: ಸುಟ್ಟ ಪ್ರತಿಯೊಂದು ಮೂಟೆಗೂ ಮ್ಯಾಜಿಸ್ಟ್ರೇಟರ ದೃಢೀಕರಣವಿತ್ತೇ, ಎಷ್ಟು ದಿನಗಳಲ್ಲಿ ಸಿಕ್ಕಿತ್ತು, ಎಷ್ಟು ಪ್ರಕರಣಗಳಲ್ಲಿ ಸ್ಯಾಂಪಲ್ ವರದಿ 15 ದಿನಗಳೊಳಗೆ ಬಂತು ಎಂಬ ಅಂಕಿಗಳನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ದೃಢೀಕರಣವಿಲ್ಲದೆ ಸುಟ್ಟ ಮಾಲೆಂದರೆ ಸರ್ಕಾರ ತನ್ನ ಕೈಯಾರೆ ಸುಟ್ಟ ಸಾಕ್ಷಿ.

ಶಿಕ್ಷೆ ಭಾರವಾದಷ್ಟೂ ಪುರಾವೆ ಬಿಗಿಯಾಗಿರಬೇಕೆಂಬುದು ಯಾವ ಕಾಲದ ನ್ಯಾಯಕ್ಕೂ ಸಲ್ಲುವ ಮಾತು, ಈ ಕಾಯ್ದೆಗಂತೂ ಹೆಚ್ಚಾಗಿ ಸಲ್ಲುತ್ತದೆ. 35 ಮತ್ತು 54ನೆಯ ಕಲಂಗಳಡಿ, ವಸ್ತು ಆರೋಪಿಯ ವಶದಲ್ಲಿತ್ತೆಂದು ತೋರಿಸಿದ ಮೇಲೆ ಅವನಿಗೆ ಅಪರಾಧದ ಮನಸ್ಸಿತ್ತೆಂದು ನ್ಯಾಯಾಲಯ ಊಹಿಸಿಕೊಳ್ಳುತ್ತದೆ, ಇರಲಿಲ್ಲವೆಂದು ಸಾಬೀತು ಮಾಡುವ ಹೊರೆ ಅವನದು. ಕಾನೂನು ಪ್ರಾಸಿಕ್ಯೂಷನ್ನಿಗೆ ಮನಸ್ಸನ್ನು ಸಾಬೀತು ಮಾಡುವ ಕಷ್ಟದ ಕೆಲಸವನ್ನೇ ಬಿಟ್ಟುಕೊಟ್ಟು, ವಸ್ತುವನ್ನು ಮಾತ್ರ ಸರಿಯಾಗಿ ತೋರಿಸು ಎಂದಿದೆ. ಅದನ್ನೂ ತೋರಿಸಲಾಗದೆ ‘ತಾಂತ್ರಿಕ ಲೋಪ’ ಎಂದು ಗೊಣಗುವುದು, ತಕ್ಕಡಿಯ ಒಂದು ತಟ್ಟೆಯನ್ನು ತನಗೆಂದು ಬಗ್ಗಿಸಿಕೊಟ್ಟ ಮೇಲೂ ತೂಕದ ಕಲ್ಲು ತರಲು ಬೇಸರವೆಂದಂತೆ. ಬಿಡುಗಡೆಯಾದ ಆರೋಪಿ ನಿಜವಾಗಿಯೂ ಗಾಂಜಾ ಮಾರಿದ್ದವನಾದರೆ ಅವನನ್ನು ಬಿಟ್ಟದ್ದು ಕಾಯ್ದೆಯಲ್ಲ, ಕಾಯ್ದೆ ಹೇಳಿದ್ದನ್ನು ಮಾಡದವರು. ಅವನು ಮಾರಿರದವನಾದರೆ ಅವನನ್ನು ಉಳಿಸಿದ್ದೂ ಅದೇ ಕಾಯ್ದೆ. ಈ ಎರಡರಲ್ಲಿ ಯಾವುದು ನಿಜವೆಂದು ತಿಳಿಯಲು ಇದ್ದದ್ದು ಒಂದು ಸೀಲು, ಒಂದು ತೂಕ, ಒಬ್ಬ ಮ್ಯಾಜಿಸ್ಟ್ರೇಟರ ಸಹಿ. ಅವು ಇಲ್ಲದ ಕಡತದಲ್ಲಿ ಇಬ್ಬರೂ ಒಬ್ಬನಂತೆಯೇ ಕಾಣುತ್ತಾರೆ.